ಅಲುಗಾಡುವವರಿಗೊಂದು ಬೆಳಕು

ಬೆಟಗೇರಿಯ ಪವರ್‌ಲೂಮ್‌ಗಳು ಇನ್ನೂ ಎದ್ದಿಲ್ಲ. ನೇಕಾರರ ಓಣಿಯ ತುದಿಯ ಫೋಟೋ ಸ್ಟುಡಿಯೋದಲ್ಲಿ ಮಾತ್ರ ಬೆಳಕು ಹರಿಯುವ ಮೊದಲೇ ಗಡಿಬಿಡಿ. ಗೌಸಸಾಬರು ಕಿಟಕಿಗೆ ಕರಿ ಕಂಬಳಿ ಇಳಿಬಿಟ್ಟು, ಗೋಡೆಗೆ ಬಿಳಿ ಚಾದರ ಬಿಗಿಯುತ್ತಿದ್ದಾರೆ. ಹೆಂಡತಿ ರಹಿಮತಬಿ ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ. “ಹಾಸಾಕ ಇದ್ದದ್ದು ಒಂದು ಚಲೋ ಚಾದರ. ಅದನ್ನೂ ನೌಕರಿಗೆ ಹಚ್ಚಿದ್ರಿ!”

ಕುರ್ಚಿಯಲ್ಲಿ ಚೌಡವ್ವ ಕೂತಿದ್ದಾರೆ. ಕೈಮಗ್ಗದ ಮುಂದೆ ಆಯುಷ್ಯ ಸವೆಸಿದ ಹಿರಿಯ ಹೆಂಗಸು. ನಾಲ್ಕು ವರ್ಷದಿಂದ ಅವರ ತಲೆ ಒಂದೇ ಸಮನೆ ಅತ್ತಿತ್ತ ಅಲುಗುತ್ತದೆ. ಯಾವ ಔಷಧಕ್ಕೂ ಜಗ್ಗಿಲ್ಲ. ಇಲ್ಲಿಯೇ ಎರಡು ಸಲ ಫೋಟೋ ತೆಗೆಸಿದರು, ಎರಡೂ ಸಲ ಮುಖ ಕದಡಿಹೋಯಿತು. “ಕನ್ನಡ್ಯಾಗ ನೋಡಿದ್ರೂ ಅಳ್ಳಾಡತೈತಿ, ಫೋಟೋದಾಗೂ ಅಳ್ಳಾಡತೈತಿ. ನನ್ನ ಮಾರಿ ಈಗ ಹೆಂಗೈತಿ ಅಂತ ಒಮ್ಮೆರೆ ನೆಟ್ಟಗ ನೋಡಬೇಕ ತಮ್ಮಾ,” ಎನ್ನುತ್ತಾರೆ.

ಪಿಂಜಾರರ ಮನೆಯಲ್ಲಿ ಹುಟ್ಟಿದ ಗೌಸಸಾಬರು ಹತ್ತಿ ಹಿಂಜುವುದನ್ನು ಬಿಟ್ಟು, ಗದುಗಿನ ಸ್ಟುಡಿಯೋ ಒಂದರಲ್ಲಿ ಫೋಟೋ ತೊಳೆಯುತ್ತ ಕಸುಬು ಕಲಿತವರು. ೧೯೭೪ರಲ್ಲಿ ಸ್ವಂತ ಬೋರ್ಡು ಹಾಕಿದರು. ಅಂದಿನಿಂದ ಹತ್ತು ವರ್ಷ ಎರಡು ದೊಡ್ಡ ಬಲ್ಬುಗಳೇ ಇವರ ಜೋಡೆತ್ತು. ಉಸಿರು ಹಿಡಿದು ಕೂರುವವರಿಗೆ ಅಷ್ಟು ಸಾಕು. ಆದರೆ ದಿನಕ್ಕೆ ಬರುವ ಎಂಟು ಹತ್ತು ಗಿರಾಕಿಗಳೆಲ್ಲ ಕೂತಲ್ಲಿ ಕೂರುವವರೇ? ಮುಂಡರಗಿಯ ಕೂಸು ಕೈಕಾಲು ಬಡಿಯುತ್ತದೆ, ಲಕ್ಷ್ಮೇಶ್ವರದ ಪೈಲ್ವಾನನಿಗೆ ತೊಡೆ ತಟ್ಟುವಾಗಲೇ ಚಿತ್ರ ಬೇಕು. ಸಾಲದ್ದಕ್ಕೆ ಓಣಿಯ ಲೂಮ್ ಶುರುವಾದರೆ ಕರೆಂಟು ಇಳಿದು ಬಲ್ಬು ಹಳದಿಗೆ ತಿರುಗುತ್ತದೆ. ಆಗ ಕ್ಯಾಮೆರಾದ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡಬೇಕು. ಅಷ್ಟರಲ್ಲಿ ಕೂಸಿಗೆ ಎರಡು ಮೂಗು ಮೂಡಿರುತ್ತವೆ.

ಹುಬ್ಬಳ್ಳಿಯಲ್ಲಿ ಮುಂಬಯಿಯ ಸ್ಟುಡಿಯೋ ದೀಪ ನೋಡಿದ್ದುಂಟು. ಬೆಲೆ ಕೇಳಿ, ನೀರು ಕುಡಿದು, ಬಸ್ಸು ಹತ್ತಿದರು. ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಮನುಷ್ಯ. ಕಳೆದ ತಿಂಗಳು ಒಂದು ದೊಡ್ಡ ಬಲ್ಬನ್ನು ಸ್ಟ್ಯಾಂಡ್ ಸಮೇತ ಮಾರಿ, ಮದುವೆ ಫೋಟೋ ತೆಗೆಯುವವರೊಬ್ಬರಿಂದ ಹಳೆಯ ಫ್ಲ್ಯಾಶ್ ತಂದರು. ಅದನ್ನು ನೇರ ಮುಖಕ್ಕೆ ಹೊಡೆದರೆ ಮುಖಕ್ಕೆ ಸುಣ್ಣ ಬಳಿದಂತೆ. ಹಾಗಾಗಿ ಚಾದರಕ್ಕೆ ಹೊಡೆದು, ಮರಳಿ ಬರುವ ಮೆತ್ತನೆಯ ಬೆಳಕನ್ನು ಹಿಡಿಯುತ್ತಾರೆ.

ಆದರೂ ಹೋದ ವಾರ ಚೌಡವ್ವನ ಎರಡನೇ ಚಿತ್ರ ಕೆಟ್ಟಿತು: ನಿಚ್ಚಳ ಮುಖದ ಸುತ್ತ ಹೊಗೆಯಂತೆ ಇನ್ನೊಂದು ಮುಖ. ಉಳಿದ ಬಲ್ಬು ಉರಿಯುತ್ತಲೇ ಇತ್ತು, ಅದೇ ತಪ್ಪು. ದೀಪ ಹೆಚ್ಚಿದಷ್ಟೂ ಚೆಂದ ಎಂದು ನಂಬಿದ ಜೀವಕ್ಕೆ ಅದನ್ನು ಆರಿಸುವುದು ಹೊಳೆದೇ ಇರಲಿಲ್ಲ. “ಬೆಳಕು ಬಾಳ ಬೇಕಾಗಿಲ್ರಿ,” ಎನ್ನುತ್ತಾರೆ ಈಗ. “ಜಲ್ದಿ ಬಂದು ಜಲ್ದಿ ಹೋಗೂ ಬೆಳಕು ಬೇಕು. ಬಲ್ಬ್ ಉರೀತಿದ್ರ, ಆಕಿ ಅಳ್ಳಾಡೂದನ್ನೆಲ್ಲಾ ಅದು ಬರಕೊಂತನ ಇರತೈತಿ.”

ಇಂದು ಬಲ್ಬು ಆರುತ್ತದೆ. ಕತ್ತಲಲ್ಲಿ ಕ್ಯಾಮೆರಾದ ಕಣ್ಣು ತೆರೆಯುತ್ತದೆ, ಫಳ್ ಎಂದು ಒಂದೇ ಬೆಳಕು.

“ಆತೇನೋ ತಮ್ಮಾ?”

“ಆತಬೇ ಅಕ್ಕಾ.” ಆದರೆ ಫಿಲ್ಮು ತೊಳೆಯಲು ಒಳಗೆ ಹೋದ ಗೌಸಸಾಬರು, ಹೆಂಡತಿ ತಂದಿಟ್ಟ ಚಹಾ ಮುಟ್ಟುವುದಿಲ್ಲ. ಇದೂ ಕೆಟ್ಟರೆ ಆ ಮುದುಕಿಗೆ ಏನು ಹೇಳುವುದು?

ಮಧ್ಯಾಹ್ನ ಒಣಗಿದ ಚಿತ್ರವನ್ನು ಚೌಡವ್ವನ ಕೈಗಿಡುತ್ತಾರೆ. ಅದರಲ್ಲಿ ಹಣೆಯ ಗೆರೆ, ಮೂಗುಬಟ್ಟಿನ ಹರಳು ಎಲ್ಲವೂ ಸ್ಪಷ್ಟ. ಚೌಡವ್ವ ಅದನ್ನು ಕಣ್ಣ ಹತ್ತಿರ ಹಿಡಿಯುತ್ತಾರೆ. ತಲೆ ಅಲುಗುತ್ತಲೇ ಇದೆ, ಕಣ್ಣು ಮಾತ್ರ ಚಿತ್ರ ಬಿಟ್ಟು ಕದಲುತ್ತಿಲ್ಲ.

“ಇಷ್ಟ ಮುದುಕಿ ಆಗೇನೇನ ನಾ?” ಎಂದು ಕೊನೆಗೆ ನಗುತ್ತಾರೆ. “ಆಗಲೇಳು. ಮಾರಿ ನಂದ ಐತಿ.”

ಅವರು ಸೆರಗಿನೊಳಗೆ ಚಿತ್ರ ಮುಚ್ಚಿಕೊಂಡು ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದ ಗೌಸಸಾಬರು ತಣ್ಣಗಾದ ಚಹಾವನ್ನೇ ಎತ್ತಿಕೊಳ್ಳುತ್ತಾರೆ. “ಇನ್ನ ಮ್ಯಾಲೆ ಯಾರಿಗೂ ‘ಅಳ್ಳಾಡಬ್ಯಾಡ್ರಿ’ ಅನ್ನಾಂಗಿಲ್ರಿ ನಾ.”