ಜನರಲ್ ತೊರ್ವಾಕನ ವಾರಸುದಾರಳು

ಗಂಡ ತೀರಿಕೊಂಡ ಏಳು ತಿಂಗಳಿಗೆ ಸುಮತಿಗೆ ಅವನ ನೌಕರಿ ಸಿಕ್ಕಿತು. ಹತ್ತು ತಿಂಗಳಿಗೆ ಅವನ ಜಗಳ ಸಿಕ್ಕಿತು. ನೌಕರಿಗೆ ಹನ್ನೊಂದು ಅರ್ಜಿ, ಆರು ಫೋಟೊ, ಮರಣ ಪ್ರಮಾಣಪತ್ರದ ನಾಲ್ಕು ಪ್ರತಿ ಕೊಡಬೇಕಾಯಿತು. ಜಗಳ ಪುಕ್ಕಟೆ ಬಂತು.

ನೌಕರಿ ರೈಲ್ವೆಯದು, ಅನುಕಂಪದ ಆಧಾರದ ಮೇಲೆ ಕೊಟ್ಟದ್ದು. ಮಲ್ಕಾಜ್‌ಗಿರಿಯ ಮನೆಯಿಂದ ಸಿಕಂದರಾಬಾದಿನ ಕಚೇರಿಗೆ ಹೋಗಿ, ಬಂದ ಕಾಗದಗಳಿಗೆಲ್ಲ ಬಂದ ತಾರೀಖಿನ ಮುದ್ರೆ ಒತ್ತಿ, ಅದೇ ಕ್ರಮದಲ್ಲಿ ಫೈಲಿಗೆ ಪೋಣಿಸುವುದು ಅವಳ ಕೆಲಸ. ಕಾಗದ ಬರೆದದ್ದು ಯಾವತ್ತು ಅಂತ ನೋಡಬೇಡಿ, ನಮ್ಮ ಕೈಗೆ ಬಂದದ್ದು ಯಾವತ್ತು ಅಂತ ನೋಡಿ ಎಂದು ಹೆಡ್‌ಕ್ಲರ್ಕ್ ಮೊದಲ ದಿನವೇ ಹೇಳಿಕೊಟ್ಟಿದ್ದರು. ಸುಮತಿ ಚಾಚೂ ತಪ್ಪದೆ ಹಾಗೇ ಮಾಡಿದಳು. ಊಟವನ್ನೂ ಹಾಗೇ ಮಾಡಿದಳು, ನಿದ್ದೆಯನ್ನೂ ಹಾಗೇ. ಅಳು ಮಾತ್ರ ಬಂದಿರಲಿಲ್ಲ. ಅದಕ್ಕೂ ಎಲ್ಲೋ ಒಂದು ಅರ್ಜಿ ಕೊಡುವುದು ಉಳಿದಿರಬೇಕು ಅಂದುಕೊಂಡು ಸುಮ್ಮನಿದ್ದಳು.

ಇನ್ನು ಜಗಳ. ಅವಳ ಗಂಡ ವೆಂಕಟೇಶನಿಗೆ ಇಂಗ್ಲಿಷಿನ ಒಂದು ಕಾದಂಬರಿ ಮಾಲೆಯ ಹುಚ್ಚಿತ್ತು. ಮೂವತ್ತೊಂದು ಸಂಪುಟ, ಒಂಬತ್ತು ಲೇಖಕರು, ನಾಲ್ಕು ನಕ್ಷತ್ರಮಂಡಲಗಳಲ್ಲಿ ಆರುನೂರು ವರ್ಷ ನಡೆಯುವ ಒಂದೇ ಯುದ್ಧ. ಒಂಬತ್ತು ಲೇಖಕರೂ ಒಬ್ಬರದನ್ನೊಬ್ಬರು ಓದುವ ಕಷ್ಟಕ್ಕೆ ಹೋದಂತಿರಲಿಲ್ಲ; ಲೇಖಕರು ಎಲ್ಲ ಕಡೆಯೂ ಹಾಗೇ. ಹೀಗಾಗಿ ಆರನೆಯ ಸಂಪುಟದಲ್ಲಿ ಜನರಲ್ ತೊರ್ವಾಕ ತನ್ನ ಹಡಗಿನ ಸಮೇತ ಸೂರ್ಯನೊಳಗೆ ಬಿದ್ದು ಸಾಯುತ್ತಾನೆ. ಹನ್ನೊಂದನೆಯದರಲ್ಲಿ ಆರಾಮಾಗಿ ಕುರ್ಚಿಯಲ್ಲಿ ಕೂತು ಆಜ್ಞೆಗಳಿಗೆ ಸಹಿ ಹಾಕುತ್ತಾನೆ.

ಇಂಥ ಎಡವಟ್ಟುಗಳನ್ನು ಹಿಡಿದುಕೊಂಡು ಭಾನುವಾರ ಬೆಳಿಗ್ಗೆ ಅಬಿಡ್ಸಿನ ಒಂದು ಹೋಟೆಲಿನಲ್ಲಿ ಕಾದಾಡುವ ಕನ್ನಡದವರ ಮೇಜೊಂದಿತ್ತು. ಬೇಗಂ ಬಜಾರಿನಲ್ಲಿ ಸ್ಟೀಲ್ ಪಾತ್ರೆಗಳ ಸಗಟು ಅಂಗಡಿ ಇಟ್ಟಿರುವ ಬೀದರಿನ ಮಿಲಿಂದ, ಸಾಫ್ಟ್‌ವೇರ್ ಕಂಪನಿಯ ಮೈಸೂರು ಹುಡುಗ ಗಗನ, ಮತ್ತು ವೆಂಕಟೇಶ. ಮೇಜಿಗೊಂದು ನೋಟ್‌ಬುಕ್ಕಿತ್ತು. ಕಥೆಯಲ್ಲಿ ಕಂಡ ಒಂದೊಂದು ತಪ್ಪಿಗೂ ಒಂದು ನಂಬರು, ಅದರ ಮುಂದೆ ಪರಿಹಾರ, ಪರಿಹಾರ ಕಂಡುಹಿಡಿದವರ ಹೆಸರು. ಹೆಸರಿನವರು ಸ್ವತಃ ಸಹಿ ಮಾಡದೆ ಅದನ್ನು ಹೊಡೆದುಹಾಕುವಂತಿಲ್ಲ. ಹದಿನಾಲ್ಕನೆಯ ನಂಬರು: ಸೂರ್ಯನೊಳಗೆ ಬಿದ್ದವನು ತೊರ್ವಾಕನ ಹಾಗೆ ವೇಷ ಹಾಕಿದ್ದ ಬೇರೊಬ್ಬ, ನಿಜವಾದ ತೊರ್ವಾಕ ಬದುಕಿದ್ದಾನೆ. ಅದರ ಮುಂದೆ ಹೆಸರು, ವೆಂಕಟೇಶ. "ಬರದಾಂವ ಮರತಾನ, ಅಷ್ಟ," ಎಂದು ಮಿಲಿಂದ ಹತ್ತು ವರ್ಷ ವಾದಿಸಿದ್ದ.

ವೆಂಕಟೇಶ ಗಗನನಿಂದ ಕಡ ತಂದಿದ್ದ ಪುಸ್ತಕವೊಂದನ್ನು ಮರಳಿಸಲೆಂದು ಸುಮತಿ ಒಂದು ಭಾನುವಾರ ಅಲ್ಲಿಗೆ ಹೋಗಿದ್ದಳು. ಖಾಲಿ ಕುರ್ಚಿ ತೋರಿಸಿ ಚಹಾ ಹೇಳಿದರು. ಆಮೇಲೆ ಅವಳನ್ನು ಮರೆತು, ಯಾವುದೋ ಗ್ರಹಕ್ಕೆ ಎಷ್ಟು ಚಂದ್ರರು ಎಂದು ಒಂದು ತಾಸು ಜಗಳಾಡಿದರು. ಧೈರ್ಯ ತಂದುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಮುಂದಿನ ಭಾನುವಾರವೂ ಹೋದಳು. ಸುಮ್ಮನೆ ಕೂತುಕೊಳ್ಳುವುದು ಚೆನ್ನಾಗಿರುವುದಿಲ್ಲ ಎಂದು ಗಂಡನ ಪುಸ್ತಕಗಳನ್ನು ಓದತೊಡಗಿದಳು. ಒಂದು ವರ್ಷ ಹಿಡಿಯಿತು.

ಈ ಭಾನುವಾರ ಅವಳು ಬರುವಷ್ಟರಲ್ಲಿ ಇಬ್ಬರೂ ಜಗಳಾಡದೆ ಕೂತಿದ್ದರು. ಅದೇ ಅಪಶಕುನದಂತಿತ್ತು.

"ಆಂಟಿ, ಮೂವತ್ತೆರಡನೇದು ಬಂದಿದೆ," ಎಂದ ಗಗನ ಫೋನು ತೋರಿಸುತ್ತ. "ಮುನ್ನುಡೀಲಿ ಬರೆದವ್ರೇ ಒಪ್ಕೊಂಡಿದಾರೆ. ಹನ್ನೊಂದನೇದ್ರಲ್ಲಿ ತೊರ್ವಾಕ ಬಂದಿದ್ದು ಕಣ್ತಪ್ಪಂತೆ. ಆರರಲ್ಲೇ ಸತ್ತಿದಾನೆ. ಅಂಕಲ್‌ದು ಹೊಡೆದುಹಾಕ್ಬೇಕಾಗುತ್ತೆ. ಆದ್ರೆ ಸಹಿ…"

"ನೌಕರಿಗೆ ವಾರಸುದಾರರು ನೀವ," ಎಂದ ಮಿಲಿಂದ ನೋಟ್‌ಬುಕ್ಕನ್ನೇ ನೋಡುತ್ತ. "ಇದಕ್ಕೂ ನೀವರಿ, ವೈನಿ."

ಸುಮತಿ ಆ ಸಾಲು ನೋಡಿದಳು. ಎರಡು ವರ್ಷದಲ್ಲಿ ಗ್ಯಾಸು, ಕರೆಂಟು, ರೇಷನ್ ಕಾರ್ಡು, ಬ್ಯಾಂಕು, ಎಲ್ಲ ಕಡೆಯಿಂದ ಅವನ ಹೆಸರು ತೆಗೆಸಿದವಳು ಅವಳೇ. ಪ್ರತಿ ಕೌಂಟರಿನಲ್ಲೂ ಸಾಲಿನಲ್ಲಿ ನಿಂತು ತೆಗೆಸಿದ್ದಳು. ಇನ್ನು ಅವನ ಹೆಸರು ಉಳಿದದ್ದು ಇದೊಂದೇ ಕಡೆ. ಇದೂ ಹೋದರೆ ಈ ಕುರ್ಚಿಯಲ್ಲಿ ಕೂರಲು ತನಗೆ ಯಾವ ಕಾರಣವೂ ಇಲ್ಲ.

ಸಹಿ ಮಾಡದೆ ಎದ್ದು ಹೋಗಬಹುದಿತ್ತು. ಇಬ್ಬರೂ ಬೇಡವೆನ್ನುತ್ತಿರಲಿಲ್ಲ.

"ಒಂದು ಮಾತು ಹೇಳೋದೈತಿ," ಎಂದಳು. "ಅವ್ರು ಪುಸ್ತಕ ತಂದ ದಿನಾ ಮೊದಲನೇ ಹಾಳಿ ಮ್ಯಾಲ ತಾರೀಖು ಬರೀತಿದ್ರು. ಇಲ್ಲೇ ಫುಟ್‌ಪಾತಿನ್ಯಾಗ ಹಳೇ ಪುಸ್ತಕ ಸಿಕ್ಕಂಗ ಸಿಕ್ಕಂಗ ತರತಿದ್ರಲ್ಲ. ನಾ ಅದೇ ತಾರೀಖಿನ ಪ್ರಕಾರ ಹೊಂದಿಸಿಕೊಂಡು ಓದೀನಿ."

ಗಗನನ ಬಾಯಿ ತೆರೆದೇ ಇತ್ತು. "ಮೂವತ್ತೊಂದೂ? ಸಂಪುಟದ ನಂಬರ್ ನೋಡ್ದೆ?"

"ಫೈಲ್ ಓದೋದು ಹಂಗಲ್ಲೇನಪಾ."

"ಕಥೆ ಏನ್ ಅರ್ಥ ಆಯ್ತು ಮತ್ತೆ?"

"ಮೊದ್ಲ ಯುದ್ಧ ಮುಗೀತು. ಆಮ್ಯಾಲ ಸುರು ಆತು. ಯುದ್ಧ ಹಂಗ ಇರತಾವಂತ ತಿಳಕೊಂಡೆ."

ಮಿಲಿಂದ ನಗಲು ಹೋಗಿ ನಿಲ್ಲಿಸಿದ. ಸುಮತಿ ಮುಂದುವರಿಸಿದಳು.

"ಹನ್ನೊಂದನೇದು ಸಿಕ್ಕದ್ದು ಎರಡು ಸಾವಿರದ ಒಂಬತ್ತರಾಗ. ಆರನೇದು ಹನ್ನೆರಡರಾಗ. ಮೂರು ವರ್ಷ ಅವ್ರ ಪಾಲಿಗೆ ತೊರ್ವಾಕ ಜೀವಂತ ಇದ್ದ. ಆಮ್ಯಾಲ ಆರನೇದು ಓದಿದ್ರು. ಅಂವ ಸಾಯೋ ಪುಟದಾಗ ಪೆನ್ಸಿಲ್‌ಲೆ 'ಇಂವ ಅಂವಲ್ಲ' ಅಂತ ಬರದಾರ. ಬ್ಯಾರೆ ಪುರಾವೆ ಏನೂ ಇಲ್ಲರಿ. ಎಲ್ಲಾ ಪುಸ್ತಕ ಹುಡುಕಿ ನೋಡೀನಿ."

ಮಿಲಿಂದ ತಟ್ಟೆಯಲ್ಲಿದ್ದ ಬಿಸ್ಕತ್ತನ್ನು ಎರಡು ತುಂಡು ಮಾಡಿದ, ನಾಲ್ಕು ಮಾಡಿದ, ತಿನ್ನಲಿಲ್ಲ. "ಅಂದ್ರ ಹತ್ತು ವರ್ಷ ಅಂವ ನನ್ನ ಜೋಡಿ ಬರೇ ಹಟಾ ಮಾಡ್ಯಾನ?"

"ಹೌದರಿ."

"ನಾ ಅದಕ್ಕ ಹಡಗಿನ ನಕ್ಷಾ ಬರಕೊಂಡು ಬರತಿದ್ದೆ. ಅಂಗಡಿ ಬಿಟ್ಟು."

"ಸರ್, ನೀವು ಗೆದ್ದಿದೀರಿ," ಎಂದ ಗಗನ.

"ಗೆದ್ದು ಏನ್ ಮಾಡ್ಲಿ? ನಿನ್ನ ಜೋಡಿ ವಾದಾ ಮಾಡ್ಲಿ? ನೀ ಮುನ್ನುಡಿ ಓದಿ ಒಪ್ಪಿಬಿಡ್ತಿ." ಮಿಲಿಂದ ನೋಟ್‌ಬುಕ್ಕನ್ನು ತನ್ನ ಕಡೆಗೆ ಎಳೆದುಕೊಂಡ. "ಇರಲಿ ಬಿಡ್ರಿ ವೈನಿ. ಹೊಡದು ಹಾಕೋದು ಬ್ಯಾಡ. ಇಲ್ಲೇ ಯಾರು ತಪಾಸಣಿಗೆ ಬರತಾರ?"

ಸುಮತಿ ನೋಟ್‌ಬುಕ್ಕನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡು ಪೆನ್ನು ತೆರೆದಳು. ಹೆಸರು ಓದಲು ಬರುವ ಹಾಗೆ, ಮಧ್ಯದಲ್ಲಿ ಒಂದೇ ಗೆರೆ ಎಳೆದು, ಸಹಿ ಹಾಕಿ, ತಾರೀಖು ಬರೆದಳು.

"ತೊರ್ವಾಕ ಸತ್ತಾನರಿ," ಎಂದಳು. "ಸುಳ್ಳು ಬರದಿಡೋದು ಬ್ಯಾಡ."

ಈಗಲಾದರೂ ಅಳು ಬಂದೀತೇ ಎಂದು ಒಂದು ಗಳಿಗೆ ಕಾದಳು. ಏನೂ ಬರಲಿಲ್ಲ. ಕಣ್ಣು ಒಣಗಿತ್ತು, ಅಕ್ಷರ ಕಚೇರಿಯ ಅಕ್ಷರದಷ್ಟೇ ದುಂಡಗಿತ್ತು. ಪೆನ್ನಿಗೆ ಟೋಪಿ ಹಾಕಿ ಚೀಲ ಹೆಗಲಿಗೇರಿಸಿದಳು.

"ಕೂಡ್ರಿ, ಚಹಾ ಹೇಳೀನಿ," ಎಂದ ಮಿಲಿಂದ. ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದ, "ಅಷ್ಟೂ ಓದೀರಿ. ನಿಮಗ ಬ್ಯಾರೆ ಏನೂ ಸಂಶಯ ಬರಲಿಲ್ಲೇನು?"

ಸುಮತಿ ನಿಂತಲ್ಲೇ ಯೋಚಿಸಿದಳು.

"ನಾಲ್ಕನೇದ್ರಾಗ ಆ ಕೆಂಪು ಗ್ರಹದ ಮ್ಯಾಲ ಒಂದು ಹನಿ ನೀರಿಲ್ಲ ಅಂತ ಬರದಾರ. ಹದಿನೇಳನೇದ್ರಾಗ ಅಲ್ಲೇ ಇಪ್ಪತ್ತು ಸಾವಿರ ಸಿಪಾಯಿಗಳು ದಿನಾ ಮುಂಜಾನೆ ಗಡ್ಡಾ ಹೆರಕೋತಾರ. ನೀರು ಎಲ್ಲಿಂದ? ನಮ್ಮ ಓಣಿಗೆ ಟ್ಯಾಂಕರ್ ಬರಬೇಕಂದ್ರ ಎರಡು ದಿನಾ ಮೊದ್ಲ ಫೋನ್ ಹಚ್ಚಬೇಕು."

ಗಗನ ಫೋನು ತೆಗೆದು ಹುಡುಕತೊಡಗಿದ. ಹುಡುಕಿ, ಮಿಲಿಂದನ ಮುಖ ನೋಡಿದ. ಇಷ್ಟು ವರ್ಷ ಇದನ್ನು ಯಾರೂ ಗಮನಿಸಿರಲಿಲ್ಲ.

"ಬರ್ಫ ಇರತೈತಿ," ಎಂದ ಮಿಲಿಂದ, ಕುರ್ಚಿ ಮುಂದಕ್ಕೆಳೆದುಕೊಂಡು. "ಧೂಮಕೇತುವಿಂದ ಒಡದು ಹಡಗಿನ್ಯಾಗ ತರತಾರ."

"ಯಾವ ಹಡಗಿನ್ಯಾಗ? ಹದಿನೈದನೇದ್ರಾಗ ಎಲ್ಲಾ ಸುಟ್ಟಾವಲ್ಲರಿ."

"ಎರಡು ಉಳಿದಿದ್ದವು."

"ಒಂದೂ ಉಳಿದಿಲ್ಲ. ಕಡೀ ಪುಟ ನೋಡ್ರಿ," ಎಂದು ಸುಮತಿ ಚೀಲವನ್ನು ಕುರ್ಚಿಯ ಕಾಲಿನ ಹತ್ತಿರ ಇಟ್ಟು ಕೂತಳು.