ಹುಣಸೆಹಣ್ಣಿನಲ್ಲಿ ತೊಳೆದ ತಂತಿ

ಇಲ್ಲಿನ ಕೆಲವು ವಿವರಗಳು ತಪ್ಪಿರಬಹುದು. ದೋಣಿಯ ಬಣ್ಣ ನೀಲಿ ಎಂದು ನನ್ನ ನೆನಪು. ಅಮ್ಮ ಹಸಿರು ಎನ್ನುತ್ತಿದ್ದಳು. ಎಪ್ಪತ್ತರ ದಶಕದ ಯಾವ ವರ್ಷವೆಂದೂ ಖಚಿತವಿಲ್ಲ. ನಾನು ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ಚಳಿಗಾಲದ ಒಣಗಾಳಿಗೆ ತುಟಿ ಒಡೆದಿತ್ತು. ಇಷ್ಟು ನಿಜ.

ಅಮ್ಮನ ತಮ್ಮ, ನನ್ನ ಸೋದರಮಾವ, ಹಿರಿಯೂರಿನ ಹತ್ತಿರ ಮಾರಿಕಣಿವೆಯ ಜಲಾಶಯದಲ್ಲಿ ಮೋಟಾರು ದೋಣಿ ನಡೆಸುತ್ತಿದ್ದ. ಮರದ ದೋಣಿ. ಪೆಟ್ರೋಲು ಸುರಿಯುವ ಹಿತ್ತಾಳೆಯ ಬಾಯಿ ಮೇಲೆ, ಟ್ಯಾಂಕು ಕೆಳಗೆ, ನಡುವೆ ರಬ್ಬರಿನ ಕೊಳವೆ. ರಬ್ಬರಿನಲ್ಲಿ ವಿದ್ಯುತ್ತು ಹರಿಯದು. ಅದಕ್ಕೇ ಬಾಯಿಯಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಎಂಜಿನ್ನಿಗೆ ಒಂದು ತಾಮ್ರದ ತಂತಿ. ಪೆಟ್ರೋಲು ಹರಿಯುವಾಗ ಹುಟ್ಟುವ ವಿದ್ಯುತ್ತು ಆ ದಾರಿಯಲ್ಲಿ ಎಂಜಿನ್ನು ತಲುಪಿ ನೀರಿಗಿಳಿಯುತ್ತದೆ. ತಂತಿ ಸಡಿಲವಾದರೆ ಬಾಯಿಯ ಹತ್ತಿರವೇ ಕಿಡಿ ಹಾರಬಹುದು. ಚಳಿಗಾಲದಲ್ಲಿ ಕಂಬಳಿ ಕೊಡವಿದರೆ ಚಟಚಟ ಅನ್ನುತ್ತದಲ್ಲ, ಅದೇ, ಎಂದು ಮಾವನಿಗೆ ವಿವರಿಸಿದವಳು ನಾನೇ.

ಮಾವನ ಮನೆಯಲ್ಲಿ ಕಳೆದ ರಜೆಯ ಕೊನೆಯ ದಿನ ಆ ತಂತಿ ಹಸಿರುಗಟ್ಟಿದ್ದು ಕಂಡಿತು. ಬಿಚ್ಚಿ, ಮನೆಯ ಹಂಡೆ ತಿಕ್ಕುವಂತೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಮತ್ತೆ ಹಾಕಿದೆ.

"ಬಂಗಾರದಂಗೈತಲ್ಲೇ. ಪೆಟ್ರೋಲು ಹಾಕಾದೋ, ಕುಂಕುಮ ಹಚ್ಚಾದೋ?" ಎಂದು ಮಾವ ನಕ್ಕ. "ಬಿಗಿ ಮಾಡೀಯೇನು?"

"ಹೂಂ" ಎಂದೆ.

ಮರುದಿನ ಬೆಳಿಗ್ಗೆ ದುರ್ಗದ ಬಸ್ಸು ಐಮಂಗಲದ ಹತ್ತಿರ ಬಂದಾಗ ನನ್ನ ಬೆರಳುಗಳಿಗೆ ಹುಣಸೆಯ ವಾಸನೆ. ತಂತಿ ಸುತ್ತಿದ್ದು ನೆನಪಿತ್ತು. ಅದನ್ನು ಹಿಡಿದಿಡುವ ತಿರುಪು ಬಿಗಿದದ್ದು ನೆನಪಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಹತ್ತು ಗಂಟೆಗೆ ಮಾವ ಪೆಟ್ರೋಲು ತುಂಬುತ್ತಾನೆ.

"ಇಳಿಸ್ರಿ, ವಾಪಸ್ ಹೋಗ್ಬೇಕು."

"ಏನವ್ವ, ಒಲೆ ಮ್ಯಾಲೆ ಹಾಲಿಟ್ಟು ಬಂದೀಯೇನು?" ಎಂದ ಕಂಡಕ್ಟರು.

"ಇಳೀಲಿ ಬಿಡಪ್ಪ, ಮುಖ ನೋಡು ಹೆಂಗಾಗೈತೆ" ಎಂದಳು ಪಕ್ಕದ ಸೀಟಿನ ಅಜ್ಜಿ.

ಎರಡು ಬಸ್ಸು ಬದಲಿಸಿ ಕಣಿವೆ ಮುಟ್ಟುವಾಗ ಹನ್ನೊಂದು ದಾಟಿತ್ತು. ದಡದಲ್ಲಿ ದೋಣಿಯಿರಲಿಲ್ಲ, ಪೆಟ್ರೋಲಿನ ಖಾಲಿ ಡಬ್ಬವಿತ್ತು. ಸುಟ್ಟ ಗುರುತಿಗಾಗಿ ಕಲ್ಲುಗಳನ್ನು ನೋಡಿದೆ. ಆಮೇಲೆ ದೂರದಲ್ಲಿ ಎಂಜಿನ್ನಿನ ಸದ್ದು ಕೇಳಿಸಿತು. ದೋಣಿ ಹತ್ತಿರವಾಗುವವರೆಗೂ ನಾನು ಕೂರಲಿಲ್ಲ.

"ಬಸ್ಸು ತಪ್ತೇನೇ?" ಎಂದ ಮಾವ. ನಾನು ದೋಣಿ ಹತ್ತಿ ತಿರುಪು ಮುಟ್ಟಿದೆ. ಗಟ್ಟಿಯಾಗಿತ್ತು, ನನ್ನ ಬೆರಳಿನ ಬಲಕ್ಕೆ ಅಲುಗಲಿಲ್ಲ. ಅಷ್ಟು ಬಿಗಿಯಾಗಿ ನಾನು ತಿರುಗಿಸಿರಲಾರೆ ಅನ್ನಿಸಿತು. ಈಗ ಅದೂ ಖಚಿತವಿಲ್ಲ.

ಅವನು ಹಗ್ಗ ಕಟ್ಟುತ್ತಿದ್ದಾಗ ಒಂದು ಮಾತು ಕೇಳಿದೆ. "ಉಣ್ಣಾಕೆ ಹೋಗಾಣ ನಡಿ" ಎಂದ. ಮೊನ್ನೆ ಅವನ ಮನೆಯಲ್ಲಿ ಅದನ್ನೇ ಮತ್ತೆ ಕೇಳಿದೆ. ಅವನ ಕಿವಿ ಇನ್ನೂ ಚೆನ್ನಾಗಿದೆ. ಆದರೂ ಎದ್ದು ಹೋಗಿ ನನಗೆ ಕಾಫಿ ತಂದುಕೊಟ್ಟ. ನಾನು ಕೇಳಿದ್ದು ಇಷ್ಟೇ:

"ಮಾವ, ನೀನು ಆ ತಿರುಪು ಬಿಗಿ ಮಾಡಿದ್ದು ಪೆಟ್ರೋಲು ಹಾಕೋಕೆ ಮುಂಚೇನಾ, ಹಾಕಿದ ಮೇಲಾ?"