ಬಿಸಿಲಿಗೆ ಒಣಹಾಕಿದ ರಬ್ಬರ್ ಹಗ್ಗ

೧೮೯೭ನೇ ಇಸವಿ. ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ನಾನು ಡ್ರಿಲ್ ಮಾಸ್ತರನಾಗಿದ್ದೆ. ಸಿರುಗುಪ್ಪದ ಆಚಾರ್ಯರ ಮನೆಯವನು ಪಂಚಾಂಗ ಬಿಟ್ಟು ಸೀಟಿ ಹಿಡಿದನೆಂದು ನಮ್ಮವರಿಗೆ ಬೇಸರ. ಬಿಸಿಲಿನಲ್ಲಿ ನಿಂತು ‘ಲೆಫ್ಟ್ ರೈಟ್’ ಕೂಗಿ ಕೂಗಿ ನನಗೂ ಅಷ್ಟೇ ಬೇಸರ. ಅದನ್ನು ಕಳೆಯುತ್ತಿದ್ದುದು ಸಂಜೆಯ ಫುಟ್‌ಬಾಲ್ ಒಂದೇ.

ನಮ್ಮ ತಂಡದಲ್ಲಿ ಕುರುಗೋಡಿನ ಈರಣ್ಣ ಎಂಬ ಹಳೇ ವಿದ್ಯಾರ್ಥಿ ಇದ್ದ. ಬರಿಗಾಲಲ್ಲಿ ಅವನು ಒದ್ದ ಚೆಂಡಿಗೆ ಬೂಟು ತೊಟ್ಟ ಸೋಲ್ಜರುಗಳೂ ತಡಬಡಾಯಿಸುತ್ತಿದ್ದರು. ದಂಡಿನ ವ್ಯಾಯಾಮಶಾಲೆಗೆ ಆಗ ಒಬ್ಬ ಸಹಾಯಕ ಬೇಕಾಗಿದ್ದ. ಬೇಸಿಗೆಯ ಕೊನೆಗೆ ದಂಡಿನವರ ಎದುರು ನಡೆಯುವ ಪಂದ್ಯದಲ್ಲಿ ಚೆನ್ನಾಗಿ ಆಡಿದರೆ ಆ ನೌಕರಿ ಇವನಿಗೇ ಎಂದು ಅಲ್ಲಿನ ಸಾಹೇಬರು ಹೇಳಿದ್ದರು. ಅಷ್ಟರಲ್ಲಿ ಈರಣ್ಣ ಬಲಮೊಣಕಾಲು ಉಳುಕಿಸಿಕೊಂಡ.

ಊತ ಇಳಿದ ಮೇಲೆ ಕಾಲಿಗೆ ಬಲ ತರಿಸುವ ಹೊಣೆ ನಾನು ಹೊತ್ತೆ. ಮದರಾಸಿನಿಂದ ರಬ್ಬರ್ ಹಗ್ಗ ತರಿಸಿದೆ. ಒಂದು ತುದಿ ಬೇವಿನ ಮರಕ್ಕೆ, ಇನ್ನೊಂದು ಚರ್ಮದ ಪಟ್ಟಿಯಿಂದ ಈರಣ್ಣನ ಕಾಲಿಗೆ. ಚೆಂಡು ಒದೆಯುವಂತೆ ಅವನು ಕಾಲನ್ನು ಮುಂದಕ್ಕೆ ತರಬೇಕು, ಹಗ್ಗ ಹಿಂದಕ್ಕೆ ಜಗ್ಗುತ್ತದೆ. ಆ ಜಗ್ಗಾಟದಲ್ಲಿ ಸ್ನಾಯು ಗಟ್ಟಿಯಾಗುತ್ತದೆ. ಕಾಲು ಎಲ್ಲಿಗೆ ಮುಟ್ಟಿತೋ ಅಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದೆ. ಮೊದಲ ವಾರ ಒಂದು ಗೇಣು. ನಾಲ್ಕನೇ ವಾರಕ್ಕೆ ಎರಡಾಯಿತು. ನನಗೆ ಹಿಗ್ಗೋ ಹಿಗ್ಗು.

ಬೆವರು ಹತ್ತಿದ ಹಗ್ಗವನ್ನು ಹಾಗೇ ಸುತ್ತಿಡಲು ಮನಸ್ಸು ಬರುತ್ತಿರಲಿಲ್ಲ. ಎಷ್ಟೆಂದರೂ ಮಡಿಯ ಮನೆಯಲ್ಲಿ ಬೆಳೆದವನು. ದಿನಾ ಬೆಳಿಗ್ಗೆ ಅದನ್ನು ತೊಳೆದು ಮಾಳಿಗೆಯ ಮೇಲೆ ನನ್ನ ಧೋತರದ ಪಕ್ಕ ಒಣಹಾಕುತ್ತಿದ್ದೆ. ಸಂಜೆ ಅಭ್ಯಾಸದ ಹೊತ್ತಿಗೆ ಇಳಿಸಿ ತರುತ್ತಿದ್ದೆ.

ಪಂದ್ಯಕ್ಕೆ ನಾಲ್ಕು ದಿನ ಇರುವಾಗ ಈರಣ್ಣ ಪಟ್ಟಿ ಬಿಚ್ಚಿ ಕೂತುಬಿಟ್ಟ. “ಮಾಸ್ತರ, ಮೊಣಕಾಲಾಗ ಇನ್ನೂ ಬಲ ಬಂದಿಲ್ರಿ. ತಿರುಗಿದ್ರ ನೋಯ್ತೈತಿ,” ಎಂದ.

“ಗೆರಿ ಕಾಣಂಗಿಲ್ಲೇನು? ಮೂರು ಗೇಣು ಐತಿ. ನಿನಗಿರೋದು ಹೆದರಿಕಿ, ನೋವಲ್ಲಲೇ,” ಎಂದು ಗದರಿದೆ. ಅವನು ಗೆರೆ ನೋಡಿ ತಲೆ ತಗ್ಗಿಸಿದ.

ಆಟ ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ. ಚೆಂಡು ಒದೆಯಲು ತಿರುಗಿದವನು ಕುಸಿದುಬಿದ್ದ. ಯಾರೂ ಅವನನ್ನು ಮುಟ್ಟಿರಲಿಲ್ಲ. ನಾಲ್ಕು ಜನ ಹೊತ್ತು ತಂದರು. ನೌಕರಿ ಬೇರೆಯವರ ಪಾಲಾಯಿತು.

ಮರುವಾರ ಚರ್ಮದ ಪಟ್ಟಿ ಬಿಚ್ಚಿಸಲು ಕೌಲ್‌ಬಜಾರಿನ ಮೋಚಿ ಖಾದರ್ ಸಾಬರ ಹತ್ತಿರ ಹೋದೆ. ಅದನ್ನು ಹೊಲಿದುಕೊಟ್ಟವರು ಅವರೇ. ಹಗ್ಗವನ್ನು ಎರಡು ಬೆರಳಲ್ಲಿ ಜಗ್ಗಿದರು. ಅದು ಉದ್ದವಾಯಿತು, ವಾಪಸು ಬರಲಿಲ್ಲ.

“ಇದರ ಜೀವ ಹೋಗೇತ್ರಿ, ಆಚಾರ್ರ. ಬಿಸಲಾಗ ಇಟ್ಟಿದ್ರೇನು?”

ಈರಣ್ಣನ ಕಾಲಿಗೆ ಬಲ ಬಂದಿರಲಿಲ್ಲ, ಹಗ್ಗದ ಬಲ ಹೋಗಿತ್ತು. ಅದು ಮೆತ್ತಗಾದದ್ದು ಕಾಣಲಿಲ್ಲವೇ ಎಂದು ನೀವು ಕೇಳಬಹುದು. ಕಂಡಿತ್ತು. ಪಳಗಿದೆ ಅಂದುಕೊಂಡಿದ್ದೆ.

ಎರಡು ದಿನ ಬಿಟ್ಟು ಕುರುಗೋಡಿಗೆ ಹೋದೆ. ಹೋಗುವ ಧೈರ್ಯ ಬರಲು ಆ ಎರಡು ದಿನ ಬೇಕಾದವು. ಮೊಣಕಾಲಿಗೆ ಔಷಧಿಯ ಪಟ್ಟು ಹಾಕಿಸಿಕೊಂಡು ಈರಣ್ಣ ಮನೆಯ ಕಟ್ಟೆ ಮೇಲೆ ಮಲಗಿದ್ದ. ನನ್ನನ್ನು ಕಂಡದ್ದೇ ಕಣ್ಣೀರು ತಂದುಕೊಂಡ. “ಮೂರು ಗೇಣು ಬಲ ಇಟ್ಕೊಂಡು ಹೆದರಿ ಬಿದ್ನೆಲ್ರಿ, ಮಾಸ್ತರ. ನಿಮ್ಮ ಮರ್ಯಾದಿ ಕಳದೆ.”

ತೊಳೆದದ್ದು, ಒಣಹಾಕಿದ್ದು, ಖಾದರ್ ಸಾಬರು ಹೇಳಿದ್ದು ಎಲ್ಲ ಹೇಳಿದೆ. ಅವನು ಕಣ್ಣೊರೆಸಿಕೊಂಡು ಮೊಣಕೈ ಊರಿ ಎದ್ದು ಕೂತ.

“ಹಂಗಾರ ಅವತ್ತು ನಾ ಹೇಳಿದ್ದು ಖರೇನ ಇತ್ತೇನ್ರಿ?”

“ಖರೇನ ಇತ್ತಪ್ಪ. ತಪ್ಪು ನಂದು.”

ಅವನ ಕಾಲು ಮತ್ತೆ ಪೂರ್ತಿ ಮಡಚಲು ಬರಲಿಲ್ಲ.

ಅದಾದ ಮೇಲೆ ನೌಕರಿ ಮುಗಿಯುವವರೆಗೂ, ನೋವು ಎಂದವನನ್ನು ಎರಡು ಮಾತಿಲ್ಲದೆ ನೆರಳಿನಲ್ಲಿ ಕೂರಿಸಿದ್ದೇನೆ. ಅವರಲ್ಲಿ ಅರ್ಧ ಜನ ಸುಳ್ಳು ಹೇಳುತ್ತಿದ್ದರು, ನನಗೆ ಗೊತ್ತಿತ್ತು. ಹೇಳಲಿ ಬಿಡಿ.